ಸೆಕೆಂಡಿಗೆ ಹತ್ತು ಕಾಗದ

೧೯೬೬ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಷಿಕಾಗೋ ನಗರದ ಅಂಚೆ ಕಛೇರಿಯಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ಪ್ರಪಂಚದಲ್ಲಿಯೇ ಅತ್ಯಂತ ದೊಡ್ಡ ಅಂಚೆ ಕಛೇರಿಯೆಂದು ಹೆಸರಾಗಿದ್ದ ಆ ಕಟ್ಟಡಕ್ಕೆ ಬೆಂಕಿ ಬೀಳಲಿಲ್ಲ, ನೆರೆ ನುಗ್ಗಲಿಲ್ಲ. ಕಾಗದಗಳನ್ನು ಊರುಕೇರಿಗಳಿಗನುಸಾರವಾಗಿ ವಿಂಗಡಿಸುವ ವೇಗಕ್ಕಿಂತ ಅವು ಬಂದು ಬೀಳುವ ವೇಗ ಹೆಚ್ಚಾಯಿತು, ಅಷ್ಟೆ. ಸುಮಾರು ಮೂರು ವಾರ ಕೆಲಸ ಬಹುಮಟ್ಟಿಗೆ ನಿಂತುಹೋಗಿ, ಒಂದು ಕೋಟಿಗೂ ಮಿಕ್ಕ ಅಂಚೆಯ ವಸ್ತುಗಳು ರಾಶಿಬಿದ್ದುವು. ಆ ರಾಶಿಯಲ್ಲಿ ಯಾರ ಸಂಬಳದ ಚೆಕ್ಕು ಇತ್ತೋ, ಯಾರಿಗೆ ಬರಬೇಕಾದ ಕೆಲಸದ ಕರೆಯಿತ್ತೋ, ಯಾವ ತಾಯಿ ದಾರಿ ನೋಡುತ್ತಿದ್ದ ಕ್ಷೇಮಸಮಾಚಾರವಿತ್ತೋ, ಹೇಳಬಲ್ಲವರಾರು?

ಕಾಗದವನ್ನು ಬರೆದು ಅಂಚೆಯ ಪೆಟ್ಟಿಗೆಗೆ ಹಾಕಿದೆವೆಂದರೆ ನಮ್ಮ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಅಂಚೆಯವರ ಕೆಲಸ ಅಲ್ಲಿಂದಲೇ ಮೊದಲು. ರೈಲು, ಮೋಟಾರು, ವಿಮಾನಗಳು ಕಾಗದವನ್ನು ಎಷ್ಟೇ ಬೇಗ ಒಯ್ಯಲಿ, ಯಾವ ಕಾಗದ ಯಾವ ಚೀಲಕ್ಕೆ ಹೋಗಬೇಕೆಂಬುದನ್ನು ನಿಶ್ಚಯಿಸುವ ಕೆಲಸ ನಿಧಾನವಾದರೆ ಉಳಿದ ವೇಗವೆಲ್ಲ ವ್ಯರ್ಥ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಕೈಯ ಮಿತಿ

ಹಿಂದೆ ವಿಂಗಡಿಸುವ ನೌಕರನು ಗೂಡುಗಳ ಒಂದು ಚೌಕಟ್ಟಿನ ಮುಂದೆ ನಿಂತು, ವಿಳಾಸವನ್ನು ಓದಿ, ಪ್ರತಿಯೊಂದು ಕಾಗದವನ್ನೂ ಅದರ ಗೂಡಿಗೆ ಹಾಕುತ್ತಿದ್ದನು. ಸಣ್ಣ ಕಛೇರಿಗಳಲ್ಲಿ ಇಂದಿಗೂ ಹೀಗೆಯೇ. ಬ್ರಿಟನ್ನಿನಲ್ಲಿ ರೂಢಿಯಲ್ಲಿದ್ದ ಚೌಕಟ್ಟಿಗೆ ೪೮ ಗೂಡುಗಳು. ಅದಕ್ಕಿಂತ ಬಹಳ ಹೆಚ್ಚಾದರೆ ತೋಳಿಗೆ ಎಟುಕದು. ಊರುಗಳು ಸಾವಿರಾರು, ಗೂಡುಗಳು ಕೆಲವೇ. ಆದುದರಿಂದ ಒಂದೇ ಕಾಗದವನ್ನು ಮತ್ತೆ ಮತ್ತೆ ವಿಂಗಡಿಸಬೇಕಾಗುತ್ತಿತ್ತು.

ತೋಳಿನ ಈ ಮಿತಿಯನ್ನು ಮೊದಲು ದಾಟಿದುದು ಹಾಲೆಂಡಿನ ‘ಟ್ರಾನ್ಸೋರ್ಮಾ’ ಯಂತ್ರ. ಮಾರ್ಶಾಂ ಮತ್ತು ಆಂಡ್ರೀಸೆನ್ ಎಂಬಿಬ್ಬರು ರೂಪಿಸಿದ ಈ ಯಂತ್ರ ೧೯೩೧ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ಕೆಲಸಕ್ಕೆ ತೊಡಗಿತು. ನೌಕರರು ಅದರ ಮುಂದೆ ಕುಳಿತು ವಿಳಾಸವನ್ನೋದಿ, ಊರಿಗೆ ಗೊತ್ತುಮಾಡಿದ ಸಂಕೇತದ ಕೀಲಿಗಳನ್ನೊತ್ತುವರು. ಯಂತ್ರವು ನೂರಾರು ಗೂಡುಗಳ ಪೈಕಿ ತಕ್ಕುದಕ್ಕೆ ಕಾಗದವನ್ನೊಯ್ದು ಹಾಕುವುದು. ಹೀಗೆ ತೋಳಿನ ಕೆಲಸ ಯಂತ್ರದ ಪಾಲಾಯಿತು. ಕಣ್ಣಿನ ಕೆಲಸ ಮನುಷ್ಯನ ಪಾಲಿಗೇ ಉಳಿಯಿತು.

ಒಂದೊಂದಾಗಿ ತೆಗೆಯುವ ಕಷ್ಟ

ಓದುವುದಕ್ಕೂ ಮೊದಲು ರಾಶಿಯಿಂದ ಒಂದೇ ಒಂದು ಕಾಗದವನ್ನು ತೆಗೆಯಬೇಕಲ್ಲವೆ? ಇದು ತೋರುವಷ್ಟು ಸುಲಭವಲ್ಲ. ಹತ್ತು ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು, ಮೇಲಿನದನ್ನು ಬೆರಳಿನಿಂದ ಒತ್ತಿ ಮುಂದಕ್ಕೆ ತಳ್ಳಿ ನೋಡಿ. ಒಮ್ಮೊಮ್ಮೆ ಒಂದೇ ಬರುವುದು. ಒಮ್ಮೊಮ್ಮೆ ಎರಡು ಮೂರು ಜೊತೆಯಾಗಿ ಬರುವುವು. ಬೆರಳಿಗೂ ಕಾರ್ಡಿಗೂ ನಡುವಣ ಘರ್ಷಣೆ, ಕಾರ್ಡು ಕಾರ್ಡುಗಳ ನಡುವಣ ಘರ್ಷಣೆಗಿಂತ ಹೆಚ್ಚಾಗಿರುವಾಗ ಮಾತ್ರ ಮೇಲಿನದು ಬೇರೆಯಾಗುತ್ತದೆ. ಬೆರಳು ಒಣಗಿದ್ದರೆ, ಕಾರ್ಡು ತೇವವಾಗಿದ್ದರೆ, ಅಥವಾ ಚಳಿಗಾಲದ ಒಣ ಹವೆಯಲ್ಲಿ ಕಾಗದಗಳು ಸ್ಥಿರವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದರೆ ಈ ಲೆಕ್ಕ ತಪ್ಪುತ್ತದೆ.

ಯಂತ್ರದಲ್ಲಿ ಬೆರಳಿಗೆ ಬದಲಾಗಿ ರಂಧ್ರಗಳುಳ್ಳ ರಬ್ಬರಿನ ಪಟ್ಟಿಯೊಂದು ಓಡುತ್ತದೆ. ಅದರ ಹಿಂದಿನಿಂದ ಗಾಳಿಯನ್ನು ಹೀರುವುದರಿಂದ ಮೊದಲಿನ ಕಾಗದವು ವಾತಾವರಣದ ಒತ್ತಡಕ್ಕೆ ಸಿಕ್ಕಿ ಪಟ್ಟಿಗೆ ಅಂಟಿ ಹೊರಡುತ್ತದೆ. ಎದುರುಗಡೆ ನಿಂತ ಮತ್ತೊಂದು ರಬ್ಬರಿನ ತುಂಡು ಎರಡನೆಯ ಕಾಗದವನ್ನು ತಡೆದು ಹಿಡಿಯುತ್ತದೆ. ಇಷ್ಟಾದರೂ ಎರಡು ಜೊತೆಯಾಗಿ ನುಸುಳಿದರೆ ಉದ್ದ ಅಥವಾ ದಪ್ಪ ಹೆಚ್ಚಾಗಿ ಕಾಣುವುದರಿಂದ ಅವನ್ನು ಗುರುತಿಸಿ ಬೇರೆ ಗೂಡಿಗೆ ತಳ್ಳುತ್ತಾರೆ. ಕಾಗದವನ್ನು ನಿರ್ವಹಿಸುವ ಯಂತ್ರಗಳೆಲ್ಲಕ್ಕೂ, ಅವು ನೋಟುಗಳನ್ನೆಣಿಸುವುವಾಗಲಿ, ನಕಲು ತೆಗೆಯುವುವಾಗಲಿ, ಈ ಒಂದು ತೊಡಕು ಸಮಾನ.

ಮುಂದಿನ ಕೆಲಸ, ಎಲ್ಲ ಲಕೋಟೆಗಳನ್ನೂ ಒಂದೇ ಮುಖವಾಗಿ ತಿರುಗಿಸುವುದು. ಅಂಚೆಚೀಟಿ ಎಲ್ಲಿದೆಯೆಂದು ತಿಳಿದರೆ ಇದು ಸಾಧ್ಯ. ೧೯೫೭ರಲ್ಲಿ ಬ್ರಿಟನ್ನಿನವರು ಚೀಟಿಯ ಬೆನ್ನಿಗೆ ಗ್ರಾಫೈಟಿನ ಕಪ್ಪು ಗೆರೆಗಳನ್ನು ಮುದ್ರಿಸಿ ಸೌತಾಂಪ್ಟನ್ ನಗರದಲ್ಲಿ ಪರೀಕ್ಷಿಸಿದರು. ಗ್ರಾಫೈಟು ವಿದ್ಯುದ್ವಾಹಕ, ಕಾಗದ ಅಲ್ಲ. ಹೀಗಾಗಿ ಯಂತ್ರವು ಚೀಟಿಯನ್ನು ವಿದ್ಯುತ್ತಿನಿಂದಲೇ ಮುಟ್ಟಿ ನೋಡುತ್ತಿತ್ತು. ೧೯೫೯ರಲ್ಲಿ ಚೀಟಿಯ ಮುಖದ ಮೇಲೆ ರಂಜಕ ಪದಾರ್ಥದ ಗೆರೆಗಳು ಬಂದುವು. ಅತಿನೇರಿಳೆ ಬೆಳಕು ತಗುಲಿ ಮರೆಯಾದ ಮೇಲೂ ಇವು ಒಂದು ಕ್ಷಣ ಮಿನುಗುತ್ತಿರುತ್ತವೆ. ಆ ಮಿನುಗನ್ನು ದ್ಯುತಿಕೋಶ ಕಂಡುಹಿಡಿಯುತ್ತದೆ.

ಹೆಸರು ಹೋಗಿ ಅಂಕಿ ಬಂದುದು

ಇನ್ನು ಓದುವ ವಿಷಯ. ನಮ್ಮ ರಾಜ್ಯವೊಂದರಲ್ಲಿಯೇ ಹೊಸಹಳ್ಳಿ, ರಾಮಪುರಗಳೆಂಬ ಊರುಗಳು ಎಷ್ಟಿವೆಯೆಂಬುದನ್ನು ನೆನೆದರೆ ಹೆಸರನ್ನೇ ನಂಬುವ ಕಷ್ಟ ಮನವರಿಕೆಯಾಗುತ್ತದೆ. ಮೇಲಾಗಿ ದೇಶದಲ್ಲಿ ಲಿಪಿಗಳು ಹಲವು. ಇದಕ್ಕೆ ಪರಿಹಾರವಾಗಿ ೧೯೭೨ನೆಯ ಆಗಸ್ಟ್ ೧೫ರಂದು ಭಾರತದಲ್ಲಿ ಆರಂಕಿಯ ಪಿನ್ ಸಂಖ್ಯೆ ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಅಧಿಕಾರಿಗಳೂ ಹೌದು, ಸಂಸ್ಕೃತ ಕವಿಗಳೂ ಹೌದು. ಅಮೆರಿಕದಲ್ಲಿ ಇಂಥ ಸಂಖ್ಯೆ ೧೯೬೩ರಲ್ಲಿಯೂ, ಜಪಾನಿನಲ್ಲಿ ೧೯೬೮ರಲ್ಲಿಯೂ ಬಂದಿದ್ದಿತು.

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಪಿನ್ ಸಂಖ್ಯೆ ೫೬೦೦೧೨. ಮೊದಲಿನ ೫ ಎಂದರೆ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ಸೇರಿದ ವಲಯ. ೫೬ ಎಂದೊಡನೆ ಕರ್ನಾಟಕಕ್ಕೆ ಬಂದೆವು. ೫೬೦ ಎಂದಾಗ ಬೆಂಗಳೂರಿಗೆ. ಕೊನೆಯ ಮೂರು ಅಂಕಿಗಳು ಬಟವಾಡೆಯ ಅಂಚೆ ಕಛೇರಿಯನ್ನು ತೋರಿಸುತ್ತವೆ. ಒಂದೊಂದು ಅಂಕಿಯೂ ಹುಡುಕುವ ಕ್ಷೇತ್ರವನ್ನು ಕಿರಿದುಮಾಡುತ್ತ ಹೋಗುವುದನ್ನು ಗಮನಿಸಬೇಕು. ಈ ವಿಷಯದ ಮರ್ಮವೆಲ್ಲ ಇದರಲ್ಲಿಯೇ ಅಡಗಿದೆ.

ಅಂಕಿಯನ್ನು ಯಂತ್ರ ಗುರುತಿಸುವುದು ಹೇಗೆ? ಜೇಕಬ್ ರಾಬಿನೋ ಎಂಬ ಅಮೆರಿಕದ ಸಂಶೋಧಕರು ಹಿಡಿದ ದಾರಿ ಸರಳವಾದುದು: ಕಂಡ ಗುರುತನ್ನು ಗೊತ್ತಿರುವ ರೂಪಗಳೆಲ್ಲದರೊಡನೆ ಹೋಲಿಸಿ, ಅತ್ಯಂತ ಹೆಚ್ಚಾಗಿ ಹೊಂದುವುದನ್ನು ಆರಿಸುವುದು. ಪೂರ್ತಿ ಹೊಂದಬೇಕೆಂಬ ಹಟವಿಲ್ಲ. ಉಳಿದವುಗಳಿಗಿಂತ ಚೆನ್ನಾಗಿ ಹೊಂದಿದರೆ ಸಾಕು. ೧೯೬೫ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಸ್ಥಾಪಿತವಾದ ಓದುವ ಯಂತ್ರ ಬೆರಳಚ್ಚಿನ ವಿಳಾಸವನ್ನೋದಿ ಕಾಗದವನ್ನು ೨೭೭ ಗೂಡುಗಳಲ್ಲೊಂದಕ್ಕೆ ಕಳಿಸುತ್ತಿತ್ತು.

ಒಮ್ಮೆ ಓದಿದುದನ್ನು ಮತ್ತೆ ಮತ್ತೆ ಓದುವ ಶ್ರಮವನ್ನು ತಪ್ಪಿಸಲು ಲಕೋಟೆಯ ಮೇಲೆ ಗೀಟುಗಳ ಸಂಕೇತವನ್ನು ಮುದ್ರಿಸುತ್ತಾರೆ. ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸಂಕೇತದಲ್ಲಿ ಒಂದು ಅಂಕಿಗೆ ಐದು ಗೀಟುಗಳು. ಅವುಗಳಲ್ಲಿ ಎರಡು ಉದ್ದ, ಮೂರು ಗಿಡ್ಡ. ಐದರಲ್ಲಿ ಎರಡನ್ನು ಆರಿಸುವ ರೀತಿಗಳು ಹತ್ತೇ, ಅಂಕಿಗಳೂ ಹತ್ತೇ! ಗೀಟುಗಳ ಬೆಲೆ ಕ್ರಮವಾಗಿ ೭, ೪, ೨, ೧, ೦. ಎರಡನೆಯದೂ ನಾಲ್ಕನೆಯದೂ ಉದ್ದವಾಗಿದ್ದರೆ ೪ + ೧, ಅಂದರೆ ೫. ಸೊನ್ನೆಗೆ ಮಾತ್ರ ೭ ಮತ್ತು ೪ರ ಗೀಟುಗಳನ್ನು ಮೀಸಲಿಟ್ಟಿದ್ದರು. ಒಂದು ಗೀಟು ಅಳಿಸಿಹೋದರೆ ಉದ್ದ ಗೀಟುಗಳು ಎರಡಿಲ್ಲವೆಂಬುದರಿಂದಲೇ ತಪ್ಪು ಬಯಲಾಗುತ್ತದೆ. ಕೊನೆಯಲ್ಲಿ ಅಂಕಿಗಳ ಮೊತ್ತವನ್ನು ಹತ್ತರ ಅಪವರ್ತ್ಯವಾಗಿ ಮಾಡುವ ಒಂದು ಅಂಕಿಯನ್ನು ಸೇರಿಸುತ್ತಿದ್ದುದರಿಂದ, ಕೆಟ್ಟುಹೋದ ಅಂಕಿ ಯಾವುದೆಂದು ಲೆಕ್ಕಹಾಕಿ ತುಂಬಲೂ ಬರುತ್ತಿತ್ತು.

ವೇಗದ ಲೆಕ್ಕ

ಇಂದಿನ ದೊಡ್ಡ ಯಂತ್ರಗಳು ಗಂಟೆಗೆ ಮೂವತ್ತು ನಲವತ್ತು ಸಾವಿರ ಕಾಗದಗಳನ್ನು ವಿಂಗಡಿಸುತ್ತವೆ. ೩೬,೦೦೦ ಎಂದಿಟ್ಟುಕೊಂಡರೆ ಸೆಕೆಂಡಿಗೆ ಹತ್ತು. ಲಕೋಟೆಯ ಉದ್ದ ೨೪ ಸೆಂಟಿಮೀಟರು, ಎರಡರ ನಡುವಣ ಅಂತರ ೧೧ ಸೆಂಟಿಮೀಟರು ಎಂದಾದರೆ ಪಟ್ಟಿಯ ವೇಗ ಸೆಕೆಂಡಿಗೆ ಮೂರೂವರೆ ಮೀಟರು. ಸೈಕಲ್ ಸವಾರನ ವೇಗವೆನ್ನಬಹುದು. ಆದರೆ ಗೂಡಿನ ಬಾಗಿಲು ತೆರೆಯಬೇಕಾದುದು ಆ ೧೧ ಸೆಂಟಿಮೀಟರಿನ ತೆರಪಿನಲ್ಲಿ. ಅದಕ್ಕೆ ದೊರೆಯುವ ಕಾಲ ೧೧ನ್ನು ೩೫೦ರಿಂದ ಭಾಗಿಸಿದಷ್ಟು, ಅಂದರೆ ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲು! ಬಾಗಿಲು ಹಗುರವಾಗಿರಬೇಕೆಂಬುದಕ್ಕೆ ಇದೇ ಕಾರಣ. ಅದರ ಜಡತ್ವ ಹೆಚ್ಚಿದಷ್ಟೂ ಕಾಗದ ತಪ್ಪು ದಾರಿ ಹಿಡಿಯುವ ಸಂಭವ ಹೆಚ್ಚು.

ಇನ್ನೊಂದು ಜಾಣತನವನ್ನು ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ೪೭, ೧೨, ೪೨, ೧೭ ಎಂದು ಬರೆದ ನಾಲ್ಕು ಚೀಟಿಗಳಿರಲಿ. ಮೊದಲು ಬಿಡಿ ಸ್ಥಾನದ ಅಂಕಿಯನ್ನು ಮಾತ್ರ ನೋಡಿ ಗುಂಪುಮಾಡಿ, ಕ್ರಮವಾಗಿ ಕೂಡಿಸಿದರೆ ೧೨, ೪೨, ೪೭, ೧೭ ಎಂದಾಗುತ್ತದೆ. ಈಗ ಹತ್ತರ ಸ್ಥಾನವನ್ನು ನೋಡಿ, ಮೊದಲು ಬಂದುದನ್ನು ಮೊದಲೇ ಇರಿಸಿ ಗುಂಪುಮಾಡಿದರೆ ೧೨, ೧೭, ೪೨, ೪೭. ಕ್ರಮ ತಾನಾಗಿಯೇ ಒದಗಿತು! ಹೀಗೆ ಹತ್ತು ಗೂಡುಗಳಿದ್ದರೆ ಎರಡು ಸುತ್ತಿನಲ್ಲಿ ನೂರು ಮನೆಗಳನ್ನೂ, ನೂರು ಗೂಡುಗಳಿದ್ದರೆ ಹತ್ತು ಸಾವಿರ ಮನೆಗಳನ್ನೂ ಬಟವಾಡೆಯ ಕ್ರಮದಲ್ಲಿ ಜೋಡಿಸಬಹುದು. ಅಂಚೆಯವನು ಬೀದಿಯಲ್ಲಿ ನಡೆಯುವ ಕ್ರಮವೇ ಕಟ್ಟಿನ ಕ್ರಮವೂ ಆಗುತ್ತದೆ.

ಕೈಬರಹದ ತೊಡಕು

ಅಚ್ಚಿನ ಅಕ್ಷರವನ್ನು ಗೆದ್ದ ಯಂತ್ರ ಕೈಬರಹದ ಮುಂದೆ ಬಹುಕಾಲ ತಡವರಿಸಿತು. ೧೯೮೯ರಲ್ಲಿ ಬೆಲ್ ಪ್ರಯೋಗಾಲಯದ ಯಾನ್ ಲೆಕುನ್ ಮತ್ತು ಅವರ ಸಂಗಡಿಗರು ಬಫಲೋ ನಗರದ ಅಂಚೆಯಲ್ಲಿ ಹಾದುಬಂದ ಲಕೋಟೆಗಳಿಂದ ಆಯ್ದ ೯,೨೯೮ ಅಂಕಿಗಳ ಚಿತ್ರಗಳನ್ನು ಬಳಸಿಕೊಂಡು, ಕೃತಕ ನರಜಾಲವೊಂದಕ್ಕೆ ಅಂಕಿಗಳನ್ನು ಗುರುತಿಸಲು ಕಲಿಸಿದರು. ಇಂದು ಎಲ್ಲೆಡೆ ಕೇಳಿಬರುವ ಕೃತಕ ಬುದ್ಧಿಯ ಬೇರುಗಳಲ್ಲೊಂದು ಹೀಗೆ ಅಂಚೆಯ ಚೀಲದಲ್ಲಿದೆ.

ಅದೇ ಬಫಲೋ ನಗರದ ವಿಶ್ವವಿದ್ಯಾನಿಲಯದಲ್ಲಿದ್ದ ಸರ್ಗೂರ್ ಶ್ರೀಹರಿಯವರು ನಮ್ಮವರು. ಬೆಂಗಳೂರಿನಲ್ಲಿ ೧೯೪೯ರಲ್ಲಿ ಹುಟ್ಟಿ, ೧೯೭೦ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಿಂದ ಎಂಜಿನಿಯರಿಂಗ್ ಪದವಿ ಪಡೆದು ಹೋದವರು. ಅವರ ತಂಡ ರೂಪಿಸಿದ, ಕೈಬರಹದ ಪೂರ್ಣ ವಿಳಾಸವನ್ನೋದುವ ವ್ಯವಸ್ಥೆ ೧೯೯೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಅಂಚೆಯಲ್ಲಿ ನೆಲೆಗೊಂಡಿತು. ಇಲ್ಲಿಯೂ ಉಪಾಯ ಹಿಂದಿನದೇ. ಬೀದಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದುವುದು ಕಷ್ಟ. ಆದರೆ ಸಂಖ್ಯೆಯಿಂದ ಪ್ರದೇಶವೂ, ಮನೆಯ ನಂಬರಿನಿಂದ ಇರಬಹುದಾದ ಕೆಲವೇ ಬೀದಿಗಳೂ ತಿಳಿದರೆ, ಆ ಕೆಲವು ಹೆಸರುಗಳಲ್ಲಿ ಯಾವುದು ಈ ಬರಹಕ್ಕೆ ಹೆಚ್ಚು ಹೊಂದುತ್ತದೆಂದು ನೋಡಿದರೆ ಸಾಕು. ಯಂತ್ರವು ನಾವು ಓದುವಂತೆ ಓದುವುದಿಲ್ಲ, ಅದು ಆರಿಸುತ್ತದೆ. ಆರಿಸಬೇಕಾದುವು ಕಡಮೆಯಾದಷ್ಟೂ ಅದರ ತೀರ್ಪು ಸರಿಯಾಗುತ್ತದೆ. ಯಾವುದೂ ಹೊಂದದಿದ್ದರೆ ಲಕೋಟೆಯ ಚಿತ್ರ ದೂರದಲ್ಲಿ ಕುಳಿತ ಮನುಷ್ಯನ ಮುಂದೆ ಬರುತ್ತದೆ. ಅವನು ಓದಿ ಕೀಲಿಯನ್ನೊತ್ತುತ್ತಾನೆ. ಅತ್ಯಂತ ಕೆಟ್ಟ ಬರಹದ ಭಾರ ಇಂದಿಗೂ ಮನುಷ್ಯನ ಕಣ್ಣಿನ ಮೇಲೆಯೇ ಇದೆ.

ನಮ್ಮ ದೇಶದಲ್ಲಿ ೧೯೯೦ರ ದಶಕದಲ್ಲಿ ಮುಂಬಯಿ ಮತ್ತು ಚೆನ್ನೈ ನಗರಗಳಿಗೆ ವಿಂಗಡಿಸುವ ಯಂತ್ರಗಳು ಬಂದುವು. ಯಂತ್ರ ಎಲ್ಲಿಯೇ ಇರಲಿ, ಅದರ ಕೆಲಸ ಆರಂಭವಾಗುವುದು ವಿಳಾಸ ಬರೆಯುವವನ ಕೈಯಲ್ಲಿ. ಒಂದು ಏಳಿನಂತೆ, ಸೊನ್ನೆ ಆರಿನಂತೆ ಕಂಡರೆ ಕಾಗದ ಬೇರೊಂದು ಊರಿಗೆ ಪ್ರಯಾಣ ಬೆಳೆಸೀತು. ಅರ್ಜಿಯ ಲಕೋಟೆಯ ಮೇಲೆ ವಿಳಾಸ ಬರೆಯುವ ವಿದ್ಯಾರ್ಥಿಯು ಆ ಆರು ಅಂಕಿಗಳನ್ನು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಬರೆದರೆ, ಸೆಕೆಂಡಿನ ಹತ್ತರಲ್ಲೊಂದು ಪಾಲಿನಲ್ಲಿ ನಡೆಯುವ ಆ ತೀರ್ಪಿನಲ್ಲಿ ತನ್ನ ಪಾಲಿನ ಕೆಲಸವನ್ನು ಮಾಡಿದಂತಾಗುತ್ತದೆ.