ಅಂಟು ದ್ರವ ಮಸೂರವಾಗುವ ಬಗೆ

ಬೈಂದೂರು, ಯಡ್ತರೆ, ಉಪ್ಪುಂದ ಕಡೆಯವರಿಗೆ ‘ರೆಸಿನ್’ ಎಂಬ ಶಬ್ದದ ಅರ್ಥ ಹೇಳಬೇಕಿಲ್ಲ. ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳು ಬಂದ ಮೇಲೆ ಆ ಘಾಟು ವಾಸನೆಯ ಅಂಟು ದ್ರವ ಕಡಲ ತಡಿಯವರಿಗೆಲ್ಲ ಪರಿಚಿತ. ಅದು ತಾನಾಗಿ ಬೇಗ ಗಟ್ಟಿಯಾಗುವುದಿಲ್ಲ, ಹಾರ್ಡ್ನರ್ ಬೆರೆಸಬೇಕು. ಬೆರೆಸಿದ ಮೇಲೆ ಕೆಲಸಗಾರನಿಗೆ ಪುರುಸೊತ್ತಿಲ್ಲ. ತಡಮಾಡಿದರೆ ಡಬ್ಬಿಯಲ್ಲೇ ಬಿಸಿಯೇರಿ ಕಲ್ಲಾಗುತ್ತದೆ. ಇದರದೇ ದಾಯಾದಿಯಾದ ಇನ್ನೊಂದು ಬಗೆಯ ರೆಸಿನ್ ಇದೆ. ಅದಕ್ಕೆ ಹಾರ್ಡ್ನರ್ ಬೇಡ, ಬೆಳಕು ಸಾಕು. ಕಪ್ಪು ಬಾಟಲಿಯಲ್ಲಿ ತಿಂಗಳುಗಟ್ಟಲೆ ದ್ರವವಾಗಿಯೇ ಇರುವ ಅದು, ತಕ್ಕ ಬೆಳಕು ಬಿದ್ದ ಜಾಗದಲ್ಲಿ ಮಾತ್ರ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಇಂಥ ರೆಸಿನ್‌ನಿಂದ ಈಗ ಮಸೂರಗಳನ್ನು, ಅಂದರೆ ಲೆನ್ಸುಗಳನ್ನು, ಮುದ್ರಿಸತೊಡಗಿದ್ದಾರೆ.

ಹುಳುಕು ಹಲ್ಲು ತುಂಬಿಸಿಕೊಂಡವರ ಬಾಯಿಯಲ್ಲಿ ಈ ವಿದ್ಯೆ ಆಗಲೇ ಇದೆ. ವೈದ್ಯರು ಹಲ್ಲಿನ ಕುಳಿಗೆ ಮೆತ್ತನೆಯ ಬಿಳಿ ಪದಾರ್ಥ ತುಂಬಿ ನೀಲಿ ಬೆಳಕಿನ ಕಡ್ಡಿಯೊಂದನ್ನು ಹಿಡಿಯುತ್ತಾರಲ್ಲ, ಅದೇ. ಅದರಲ್ಲಿ ಸಾಮಾನ್ಯವಾಗಿ ಬೆರೆತಿರುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ನಮ್ಮ ಪೂಜೆಯ ಕರ್ಪೂರದಿಂದಲೇ ತಯಾರಾಗುವಂಥದು. ಅದು ನೀಲಿ ಬೆಳಕನ್ನು ಹೀರಿಕೊಂಡು ಸುತ್ತಲಿನ ಅಣುಗಳನ್ನು ಕೆಣಕುತ್ತದೆ. ಬಿಡಿಬಿಡಿಯಾಗಿದ್ದ ಅವು ಒಂದರ ಕೈ ಒಂದು ಹಿಡಿದು ಸರಪಣಿಯಾಗುತ್ತವೆ. ಮುದ್ರಣದ ರೆಸಿನ್‌ಗಳಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಬೇರೆ ರಾಸಾಯನಿಕಗಳಿದ್ದು, ಅವು ನೇರಳೆ ಅಥವಾ ಅತಿನೇರಳೆ ಬೆಳಕಿಗೆ ಓಗೊಡುತ್ತವೆ.

ಪದರದ ಮೇಲೆ ಪದರ ಗಟ್ಟಿಮಾಡಿ ವಸ್ತುವೊಂದನ್ನು ಕಟ್ಟುವ ಉಪಾಯವನ್ನು ಜಪಾನಿನ ನಗೋಯಾದ ಹಿದೆಯೊ ಕೊಡಾಮ 1981ರಲ್ಲಿ ಪ್ರಕಟಿಸಿದರು. ಅಮೆರಿಕದ ಚಕ್ ಹಲ್ 1984ರಲ್ಲಿ ಅರ್ಜಿ ಹಾಕಿ 1986ರಲ್ಲಿ ಪೇಟೆಂಟ್ ಪಡೆದರು. ಇಂದಿನ ಅಗ್ಗದ ಯಂತ್ರದಲ್ಲಿ ಪಾರದರ್ಶಕ ತಳದ ತೊಟ್ಟಿ, ಅದರ ಕೆಳಗೆ ಮೊಬೈಲಿನದರಂಥ ಪರದೆ, ಅದರಡಿ ದೀಪ ಇರುತ್ತವೆ. ಪರದೆ ಬೇಕಾದಲ್ಲಿ ಮಾತ್ರ ಬೆಳಕು ಬಿಡುತ್ತದೆ. ಒಂದು ಪದರ ಗಟ್ಟಿಯಾದೊಡನೆ ಮೇಲಿನ ಹಲಗೆ ಕೂದಲೆಳೆಯಷ್ಟು ಏರುತ್ತದೆ, ಮುಂದಿನ ಪದರ ಅಂಟಿಕೊಳ್ಳುತ್ತದೆ. ವಸ್ತು ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತ ಬೆಳೆಯುತ್ತದೆ.

ಗೊಂಬೆಗೋ ಹಲ್ಲಿನ ಮಾದರಿಗೋ ಇಷ್ಟು ಸಾಕು. ಮಸೂರಕ್ಕೆ ಸಾಲದು. ಒಂದು ಪದರದ ದಪ್ಪ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. ಹಸಿರು ಬೆಳಕಿನ ಅಲೆಯ ಉದ್ದ ಮಿಲಿಮೀಟರಿನ ಸುಮಾರು ಎರಡು ಸಾವಿರದ ಒಂದು ಭಾಗ. ಎಂದರೆ, ನಮ್ಮ ಕಣ್ಣಿಗೆ ನುಣುಪಾಗಿ ಕಾಣುವ ಗುಮ್ಮಟ ಬೆಳಕಿಗೆ ಘಟ್ಟದ ಬುಡದ ಮೆಟ್ಟಿಲು ಗದ್ದೆಗಳ ಹಾಗೆ. ಪ್ರತಿ ಅಂಚಿನಲ್ಲೂ ಎಡವಿ ಬೆಳಕು ದಿಕ್ಕಾಪಾಲಾಗುತ್ತದೆ. ಗಾಜಿನ ಬಿಲ್ಲೆ ಕೊಟ್ಟೆವೆಂದುಕೊಂಡರೆ ಸಿಗುವುದು ಮಂಜುಗಾಜು. ಒಳ್ಳೆಯ ಮಸೂರದ ಮೇಲ್ಮೈಯ ಉಬ್ಬುತಗ್ಗು ಅಲೆಯ ಉದ್ದದ ಸಣ್ಣದೊಂದು ಅಂಶಕ್ಕಿಂತ ಹೆಚ್ಚಿರಬಾರದು.

ಈ ನುಣುಪಿಗಾಗಿಯೇ ಹಿಂದಿನಿಂದಲೂ ಕುಶಲಕರ್ಮಿಗಳು ತಿಂಗಳುಗಟ್ಟಲೆ ಉಜ್ಜುತ್ತ ಬಂದದ್ದು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರು ಕಾವಲೂರಿನ ದೂರದರ್ಶಕಕ್ಕಾಗಿ 2.34 ಮೀಟರ್ ಅಗಲದ ಕನ್ನಡಿಯನ್ನು ತಮ್ಮ ಪ್ರಯೋಗಾಲಯದಲ್ಲೇ ಉಜ್ಜಿ ಹೊಳಪಿಟ್ಟರು. ಅದರ ಕನಸು ಕಂಡ ವೇಣು ಬಾಪು 1982ರಲ್ಲೇ ತೀರಿಕೊಂಡಿದ್ದರು. 1986ರ ಜನವರಿಯಲ್ಲಿ ದೂರದರ್ಶಕಕ್ಕೆ ಅವರ ಹೆಸರಿಟ್ಟರು. ಅಂಗಡಿಯ ಪ್ಲಾಸ್ಟಿಕ್ ಕನ್ನಡಕದ ಮಸೂರವೂ ರೆಸಿನ್ನೇ. ಆದರೆ ಅದನ್ನು ಹೊಳಪಿಟ್ಟ ಗಾಜಿನ ಅಚ್ಚಿನೊಳಗೆ ಸುರಿದು ಗಟ್ಟಿಮಾಡುವುದು ವಾಡಿಕೆ. ಅಲ್ಲಿ ನುಣುಪು ಬರುವುದು ಅಚ್ಚಿನಿಂದ. ಮುದ್ರಣದಲ್ಲಿ ಅಚ್ಚೇ ಇಲ್ಲ.

ಹಾಗಾದರೆ ಮೆಟ್ಟಿಲು ಅಳಿಸುವುದು ಹೇಗೆ? ಉತ್ತರ ಸೊಗಸಾಗಿದೆ: ಅದೇ ರೆಸಿನ್‌ನಿಂದ. ಮುದ್ರಿಸಿದ ಮಸೂರದ ಮೇಲೆ ಒಂದು ತೊಟ್ಟು ದ್ರವ ರೆಸಿನ್ ಹಾಕಿ ಗಿರ್ರನೆ ತಿರುಗಿಸಿದರೆ ಅದು ತೆಳುವಾಗಿ ಹರಡಿ ಮೆಟ್ಟಿಲುಗಳ ಸಂದು ತುಂಬುತ್ತದೆ. ಕೆಸುವಿನೆಲೆಯ ಮೇಲಿನ ಹನಿ ನುಣ್ಣಗೆ ಗುಂಡಗಾಗುವುದು ಯಾವ ಮೇಲ್ಮೈ ಸೆಳೆತದಿಂದಲೋ ಅದೇ ಇಲ್ಲಿ ಹೊಳಪಿಡುವ ಕಸುಬುದಾರ. ಆಮೇಲೆ ಮತ್ತೊಮ್ಮೆ ಬೆಳಕು ಹಾಯಿಸಿದರಾಯಿತು. ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದವರು ಮಸೂರಗಳನ್ನೂ ಸೇರಿಸಿ ಇಡೀ ಸೂಕ್ಷ್ಮದರ್ಶಕವನ್ನೇ ಮುದ್ರಿಸಿ 2024ರ ಕೊನೆಗೆ ಆ ವಿವರ ಪ್ರಕಟಿಸಿದರು. ಮೂರು ಗಂಟೆಯೊಳಗೆ, 50 ಪೌಂಡಿಗೂ ಕಡಿಮೆ ವೆಚ್ಚದಲ್ಲಿ. ಅದರಲ್ಲಿ ರಕ್ತದ ಕಣಗಳನ್ನು ನೋಡಿದರು.

ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಮೊರಾನ್ ಬರ್ಕೊವಿಚಿ ತಂಡ ಪದರಗಳನ್ನೇ ಬಿಟ್ಟುಕೊಟ್ಟಿತು. ರೆಸಿನ್‌ನಷ್ಟೇ ಸಾಂದ್ರತೆಯ ಇನ್ನೊಂದು ದ್ರವದೊಳಗೆ ಉಂಗುರವಿಟ್ಟು ಅದಕ್ಕೆ ರೆಸಿನ್ ತುಂಬಿದರೆ ತೂಕದ ಹಂಗು ತಪ್ಪಿ ಅದು ತಾನಾಗಿ ಮಸೂರದ ಆಕಾರ ತಾಳುತ್ತದೆ. ತುಂಬುವ ಪ್ರಮಾಣ ಬದಲಿಸಿದರೆ ಶಕ್ತಿ ಬದಲಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಐಟನ್ ಸ್ಟಿಬ್ಬೆ ಅಂತರಿಕ್ಷ ನಿಲ್ದಾಣದಲ್ಲೂ ಇಂಥ ಪ್ರಯೋಗ ಮಾಡಿದರು. ಕನ್ನಡಕ ಮುದ್ರಿಸುತ್ತಿದ್ದ ಲಕ್ಸೆಕ್ಸೆಲ್ ಎಂಬ ಯುರೋಪಿನ ಕಂಪೆನಿಯನ್ನು ಅದೇ ವರ್ಷದ ಕೊನೆಗೆ ಫೇಸ್‌ಬುಕ್‌ನ ಒಡೆಯರಾದ ಮೆಟಾ ಕೊಂಡುಕೊಂಡಿತು. ಬಡವರ ಕಣ್ಣಿಗಿಂತ ಜಾಣ ಕನ್ನಡಕದ ಮಾರುಕಟ್ಟೆಗೆ ಅವಸರ ಹೆಚ್ಚು ಎಂದು ಕಾಣುತ್ತದೆ.

ನಮ್ಮಲ್ಲಿ ಇದರಿಂದ ಏನು ಪ್ರಯೋಜನ? ಅಗ್ಗದ ಬೆಲೆಯೊಂದೇ ಕಾರಣವಾದರೆ ಹೆಚ್ಚೇನಿಲ್ಲ. ಹರಿಯಾಣದ ಅಂಬಾಲದಲ್ಲಿ ಮಾಡಿದ ಗಾಜಿನ ಮಸೂರದ ಶಾಲಾ ಸೂಕ್ಷ್ಮದರ್ಶಕಗಳು ಕೆಲವು ಸಾವಿರ ರೂಪಾಯಿಗೇ ಸಿಗುತ್ತವೆ, ಚಿತ್ರವೂ ಸ್ಪಷ್ಟ. ಕರಾವಳಿಯ ತೊಂದರೆ ಬೇರೆ. ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಷ್ಟು ಹಿಡಿಯುತ್ತದೆ; ಸಕಾಲಕ್ಕೆ ಒರೆಸದಿದ್ದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಒಂದು ಬಿಲ್ಲೆ ಹೋಯಿತೆಂದು, ಬದಲಿ ಸಿಗಲಿಲ್ಲವೆಂದು, ಇಡೀ ಉಪಕರಣ ಬೀರು ಸೇರಿದರೆ ಹತ್ತಿಪ್ಪತ್ತು ಮಕ್ಕಳು ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ಪುಸ್ತಕದಲ್ಲೇ ನೋಡಬೇಕು. ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೊಂದು ಬೇಕಾದ ಅಳತೆಯ ಒಂದೇ ಒಂದು ಬದಲಿ ಮಸೂರ ಮುದ್ರಿಸಿ ಕೊಡಬಲ್ಲುದಾದರೆ ಅದು ದೊಡ್ಡ ಮಾತು.

ರೆಸಿನ್ ಮಸೂರಕ್ಕೂ ಕುಂದುಗಳಿವೆ. ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ, ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಬೇಗ ಗೀರು ಬೀಳುತ್ತದೆ. ಹಸಿ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿಯಾಗಬಹುದು, ಕೈಗವಸು ಬೇಕೇ ಬೇಕು. ಉಳಿದದ್ದನ್ನು ಚರಂಡಿಗೆ ಚೆಲ್ಲುವಂತಿಲ್ಲ, ಬಿಸಿಲಿಗಿಟ್ಟು ಪೂರಾ ಗಟ್ಟಿಮಾಡಿಯೇ ಬಿಸಾಡಬೇಕು. ಬೈಂದೂರಿನ ಆಷಾಢದಲ್ಲಿ ಬಿಸಿಲಿಗೆ ಕಾಯುವುದಕ್ಕಿಂತ ಅತಿನೇರಳೆ ದೀಪವೊಂದನ್ನು ಕೊಂಡಿಟ್ಟುಕೊಳ್ಳುವುದೇ ಲೇಸು.