ಸಿಬಿಲ್ ಸ್ಕೋರ್‌ಗೆ ಬಾಟ್ಲಿ ಔಷಧಿ ಇಲ್ಲ

ಈ ವಾರ ಬೆಳೆ ವಿಷಯ ಅಲ್ಲ, ಸಾಲದ ವಿಷಯ. ಆದ್ರೆ ಕತೆ ಶುರುವಾಗೋದು ಪಪ್ಪಾಯಿ ತೋಟದಿಂದಲೇ.

ತೋಟಗಾರಿಕೆಯಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದು ಸಾವಯವ ಕೃಷಿ ಹಿಡಿದ ಮೂರನೇ ವರ್ಷ ನನ್ನ ಒಂದೂವರೆ ಎಕರೆ ಪಪ್ಪಾಯಿಗೆ ಉಂಗುರ ಚುಕ್ಕೆ ವೈರಸ್ ಬಂತು. ಎಲೆ ಮುದುಡಿ, ಕಾಯಿ ಮೇಲೆ ಉಂಗುರ ಎದ್ದು, ಗಿಡಗಳನ್ನೆಲ್ಲ ಕಿತ್ತು ಹಾಕಬೇಕಾಯ್ತು. ಪವರ್ ಟಿಲ್ಲರ್ ಸಾಲದ ಐದು ಕಂತು ತಪ್ಪಿತು. ಫೈನಾನ್ಸ್‌ನವರು "ಇಷ್ಟು ಕಟ್ಟಿ, ಸೆಟಲ್ ಮಾಡ್ತೀವಿ" ಅಂದ್ರು. ಬಾಕಿಗಿಂತ 22 ಸಾವಿರ ಕಮ್ಮಿ. ಖುಷಿಯಿಂದ ಕಟ್ಟಿ ಮರೆತೇಬಿಟ್ಟೆ.

ಮೂರು ವರ್ಷ ಕಳೆದು ಡ್ರಿಪ್ಪಿಗೆ, ಪ್ಯಾಕಿಂಗ್ ಶೆಡ್ಡಿಗೆ ಸಾಲ ಕೇಳೋಕೆ ಹೋದಾಗ ಬ್ಯಾಂಕ್ ಮ್ಯಾನೇಜರ್ ಕಂಪ್ಯೂಟರ್ ತಿರುಗಿಸಿ ತೋರಿಸಿದ್ರು. ಸ್ಕೋರ್ 579. ಟಿಲ್ಲರ್ ಸಾಲದ ಮುಂದೆ "ಸೆಟಲ್ಡ್". ಜೊತೆಗೆ ಒಂದು ಚಿನ್ನದ ಸಾಲ ಇನ್ನೂ ಬಾಕಿ ಅಂತ. ಆ ಸರ ಬಿಡಿಸಿ ಎರಡು ವರ್ಷ ಆಗಿತ್ತು, ಅಮ್ಮನ ಕೊರಳಲ್ಲೇ ಇತ್ತು!

ಆ ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು: "15 ದಿನದಲ್ಲಿ 750, ಗ್ಯಾರಂಟಿ." ಫೋನ್ ಮಾಡಿದೆ. "ಸರ್, ಒಳಗೆ ನಮ್ಮ ಹುಡುಗನೇ ಇದಾನೆ, ಹಳೇದೆಲ್ಲ ಅಳಿಸಿ ಹಾಕ್ತಾನೆ" ಅಂದ. 4,500 ರೂಪಾಯಿ ಅಡ್ವಾನ್ಸ್ ಫೋನ್‌ಪೇ ಮಾಡಿದೆ. ಆಧಾರ್, ಪ್ಯಾನ್ ಫೋಟೋ ಕಳಿಸಿದೆ. ಎರಡು ಸಲ ಒಟಿಪಿಯನ್ನೂ ಹೇಳಿದೆ.

ಹನ್ನೆರಡನೇ ದಿನ ಒಂದು ಪಿಡಿಎಫ್ ಬಂತು: ಸ್ಕೋರ್ 752. ಪ್ರಿಂಟ್ ತಗೊಂಡು ಬ್ಯಾಂಕಿಗೆ ಓಡಿದೆ. ಮ್ಯಾನೇಜರ್ ಮತ್ತೆ ತೆಗೆದು ನೋಡಿದ್ರು. ಸ್ಕೋರ್ 571. ಪಿಡಿಎಫ್ ಸುಳ್ಳು. ಅಷ್ಟೇ ಅಲ್ಲ, ನಾನು ಹೆಸರೇ ಕೇಳದ ಎರಡು ಲೋನ್ ಆ್ಯಪ್‌ಗಳಲ್ಲಿ ನನ್ನ ಪ್ಯಾನ್ ಮೇಲೆ ಸಾಲಕ್ಕೆ ಅರ್ಜಿ ಬಿದ್ದಿತ್ತು. ಆ ನಂಬರ್ ಸ್ವಿಚ್ ಆಫ್.

ಅಪ್ಪ ಬೈಯಲಿಲ್ಲ. "ವೈರಸ್ಸಿಗೆ ಔಷಧಿ ಇಲ್ಲ, ಬಾಟ್ಲಿ ತರಬೇಡಿ ಅಂತ ಊರಿಗೆಲ್ಲ ಹೇಳ್ತಿದ್ದೆ. ಈಗ ನಿಂಗೇ ಬಾಟ್ಲಿ ಮಾರಿಬಿಟ್ರಲ್ಲೋ" ಅಂದ್ರು ಅಷ್ಟೆ. ಬೈದಿದ್ರೇ ವಾಸಿ ಇತ್ತು.

ಮೋಸ ಎಲ್ಲಿದೆ?

ಸ್ಕೋರ್ ಅನ್ನೋದು 300ರಿಂದ 900ರ ಒಳಗಿನ ಒಂದು ಸಂಖ್ಯೆ. ಅದನ್ನ ಲೆಕ್ಕ ಹಾಕೋ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಇವರಿಗೆ ಲೆಕ್ಕ ಕಳಿಸೋದು ಸಾಲ ಕೊಟ್ಟ ಬ್ಯಾಂಕು, ಫೈನಾನ್ಸು. ಅವರು ಒಪ್ಪದೆ ಈ ಕಂಪನಿಗಳು ತಾವಾಗೇ ನಿಮ್ಮ ಸಾಲದ ವಿವರ ತಿದ್ದೋ ಹಾಗಿಲ್ಲ. ಹಾಗಿದ್ಮೇಲೆ "ಒಳಗಿನ ಹುಡುಗ" ಏನು ಅಳಿಸ್ತಾನೆ?

ತಪ್ಪು ನಮೂದು ಬೇರೆ, ನಿಜವಾದ ಬಾಕಿ ಬೇರೆ. ತಪ್ಪನ್ನ ಪುಕ್ಕಟೆ ಸರಿ ಮಾಡಿಸಬಹುದು. ನಿಜವಾಗ್ಲೂ ಕಟ್ಟದೇ ಇದ್ದದ್ದನ್ನ ದುಡ್ಡು ತಗೊಂಡು ಅಳಿಸ್ತೀನಿ ಅನ್ನೋನು ಮೋಸಗಾರನೇ. ಗ್ಯಾರಂಟಿ, ಇಷ್ಟೇ ದಿನ ಅನ್ನೋ ಮಾತು, ಅಡ್ವಾನ್ಸು, ಒಟಿಪಿ. ಈ ನಾಲ್ಕರಲ್ಲಿ ಒಂದು ಕಿವಿಗೆ ಬಿದ್ರೂ ಫೋನ್ ಇಟ್ಟುಬಿಡಿ.

ನಾನು ಮಾಡಿದ್ದು

ಮೊದಲು 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಟ್ಟೆ. ತಡ ಆಗಿದ್ದಕ್ಕೆ ದುಡ್ಡು ವಾಪಸ್ ಬರಲಿಲ್ಲ. ನೀವು ತಡ ಮಾಡಬೇಡಿ. ದುಡ್ಡು ಕೈ ಬದಲಾಗೋ ಮೊದಲೇ ಹೇಳಿದ್ರೆ ತಡೆಯೋ ಅವಕಾಶ ಇರುತ್ತೆ. ಆ ಎರಡೂ ಆ್ಯಪ್‌ನವರಿಗೆ "ಅರ್ಜಿ ನನ್ನದಲ್ಲ" ಅಂತ ದೂರಿನ ಪ್ರತಿ ಸಮೇತ ಇಮೇಲ್ ಹಾಕಿದೆ.

ಆಮೇಲೆ ನಾಲ್ಕೂ ಕಂಪನಿಗಳ ಸ್ವಂತ ವೆಬ್‌ಸೈಟಿಂದ ರಿಪೋರ್ಟ್ ತೆಗೆದೆ. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನ ಪ್ರತಿ ಕಂಪನಿಯೂ ಪುಕ್ಕಟೆ ಕೊಡಲೇಬೇಕು. ನಮ್ಮ ರಿಪೋರ್ಟ್ ನಾವೇ ನೋಡಿದ್ರೆ ಸ್ಕೋರ್ ಇಳಿಯಲ್ಲ.

ಚಿನ್ನದ ಸಾಲ ತೀರಿಸಿದ ರಸೀದಿ ಲಗತ್ತಿಸಿ ಆನ್‌ಲೈನಿನಲ್ಲೇ ತಕರಾರು ಹಾಕಿದೆ. ಖರ್ಚು ಸೊನ್ನೆ. ತಿಂಗಳೊಳಗೆ ಸರಿಯಾಯ್ತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2024ರ ಏಪ್ರಿಲ್‌ನಿಂದ, ಇಂಥ ದೂರು 30 ದಿನದಲ್ಲಿ ಬಗೆಹರೀದಿದ್ರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಅವರು ಉತ್ತರ ಕೊಡದಿದ್ರೆ ಅಥವಾ ಉತ್ತರ ಸರಿ ಕಾಣದಿದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೂ ಶುಲ್ಕ ಇಲ್ಲ. ಮಾಹಿತಿಗೆ 14448.

ಟಿಲ್ಲರ್ ಸಾಲಕ್ಕೆ ಮಾತ್ರ ತಕರಾರು ಹಾಕಲಿಲ್ಲ, ಯಾಕಂದ್ರೆ ಅದು ನಿಜ. ಫೈನಾನ್ಸ್ ಆಫೀಸಿಗೆ ಹೋಗಿ ಉಳಿದ 22 ಸಾವಿರ ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ ತಗೊಂಡು, "ಸೆಟಲ್ಡ್" ಬದಲು "ಕ್ಲೋಸ್ಡ್" ಅಂತ ಹಾಕೋಕೆ ಲಿಖಿತ ಅರ್ಜಿ ಕೊಟ್ಟೆ. ಮೂರು ಸಲ ಅಲೆದಾಡಿದ ಮೇಲೆ ಆಯ್ತು. ಹಳೇ ಕಂತು ತಪ್ಪಿದ ಗುರುತು ಹಾಗೇ ಇದೆ. ಅದನ್ನ ಮುಚ್ಚೋದು ಮುಂದಿನ ಕಂತುಗಳೇ.

ಕೆಸಿಸಿ ಸಾಲವನ್ನ ಗಡುವಿನೊಳಗೆ ನವೀಕರಿಸಿದೆ. ಹದಿನಾಲ್ಕು ತಿಂಗಳಾದ ಮೇಲೆ ಸ್ಕೋರ್ 704 ಆಯ್ತು. ಕೇಳಿದಷ್ಟು ಸಾಲ ಸಿಗಲಿಲ್ಲ, ಡ್ರಿಪ್ಪಿಗೆ ಸಾಕಾಗುವಷ್ಟು ಸಿಕ್ತು. ಶೆಡ್ ಮುಂದಿನ ವರ್ಷ ನೋಡೋಣ.

ಕೆಟ್ಟ ಮಣ್ಣಿಗೆ ಒಂದೇ ಮಳೆಗಾಲದಲ್ಲಿ ಜೀವ ಬರಲ್ಲ ಅಂತ ನಮಗೆಲ್ಲ ಗೊತ್ತು. ಇದೂ ಹಾಗೇ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ರಿಪೋರ್ಟ್ ತೆಗೆದು ನೋಡಿ. ತೀರಿಸಿದ ಸಾಲದ ರಸೀದಿಗಳನ್ನ ಪಹಣಿ ಜೊತೆಗೇ ಎತ್ತಿಡಿ. ಒಟಿಪಿ ಕೇಳಿದವನಿಗೆ ಮಾತ್ರ, ಯಾರೇ ಆಗಿರಲಿ, "ಇಲ್ಲ" ಅನ್ನಿ.