ಎರಡೂವರೆ ಸೆಕೆಂಡಿಗೆ ಒಂದು ಜಿಲ್ಲೆ

2011ರ ಜನಗಣತಿ ಪ್ರಕಾರ ತುಮಕೂರು ಜಿಲ್ಲೆಯ ಜನ ಸುಮಾರು 26 ಲಕ್ಷದ 79 ಸಾವಿರ. ಗುಬ್ಬಿ, ಕುಣಿಗಲ್ಲೂ ಸೇರಿ ಹತ್ತು ತಾಲ್ಲೂಕುಗಳು ತಲೆಮಾರುಗಳ ಕಾಲ ಬೆಳೆದು ಮುಟ್ಟಿದ ಸಂಖ್ಯೆ ಇದು. ಗುಬ್ಬಿ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತ ಒಬ್ಬ ಪ್ರಯಾಣಿಕನ ಮೂಳೆಯೊಳಗಿನ ಮಜ್ಜೆ ಅಷ್ಟೇ ಸಂಖ್ಯೆಯ ನ್ಯೂಟ್ರೋಫಿಲ್‌ಗಳನ್ನು ಎರಡೂವರೆ ಸೆಕೆಂಡಿನೊಳಗೆ ಹುಟ್ಟಿಸಿರುತ್ತದೆ.

ನ್ಯೂಟ್ರೋಫಿಲ್ ಎಂದರೆ ರೋಗಾಣುಗಳ ಮೇಲೆ ಮೊದಲು ಬೀಳುವ ಬಿಳಿ ರಕ್ತಕಣ. ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 10 ಸಾವಿರ ಕೋಟಿ ತಯಾರಾಗುತ್ತವೆ. ಸೆಕೆಂಡಿಗೆ 11 ಲಕ್ಷಕ್ಕೂ ಹೆಚ್ಚು! ಒಂದೊಂದರ ಅಗಲ ಸುಮಾರು 10 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿಗೆ ನೂರು. ಒಂದು ದಿನದ ತಯಾರಿಯನ್ನು ಸಾಲಾಗಿ ಜೋಡಿಸಿದರೆ ಸಾವಿರ ಕಿಲೋಮೀಟರ್. ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತೈದು ಸಲ ಹೋಗಿಬಂದಷ್ಟು ದೂರ.

ಇಷ್ಟು ಕಣಗಳಿಗೆ ಹೊದಿಕೆ ಬೇಕಲ್ಲ? ಅದು ಜಿಡ್ಡಿನದು. ಲಿಪಿಡ್ ಅಣುಗಳ ಎರಡು ಪದರ, ದಪ್ಪ ಬರೀ 5 ನ್ಯಾನೋಮೀಟರ್. ಒಂದು ಚದರ ಮೈಕ್ರೋಮೀಟರಿಗೆ 50 ಲಕ್ಷ ಅಣು ಹಿಡಿಸುತ್ತವೆ. ಕಣವನ್ನು ನುಣುಪಾದ ಗುಂಡು ಎಂದುಕೊಂಡರೂ ಒಂದರ ಮೈಗೆ 150 ಕೋಟಿ ಅಣು ಬೇಕು. ಒಂದು ದಿನದ ಹೊದಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಮುನ್ನೂರು ಚದರ ಅಡಿ ದಾಟುತ್ತದೆ. ಒಂದು ರೂಮು, ಒಂದು ಅಡುಗೆಮನೆ ಇರುವ ಬಾಡಿಗೆ ಮನೆಯ ನೆಲದಷ್ಟು. ಅಷ್ಟಕ್ಕೂ ತಗಲುವ ಲಿಪಿಡ್ ಕಾಲು ಗ್ರಾಂ ಕೂಡ ಇಲ್ಲ. ನನ್ನನ್ನು ದಂಗುಬಡಿಸಿದ್ದು ಕೋಟಿಗಳಲ್ಲ, ಈ ಕಾಲು ಗ್ರಾಂ.

ಹೊದಿಕೆಗಿಂತ ದೊಡ್ಡ ಕಥೆ ಉರುವಲಿನದು. ಬಲಿತ ನ್ಯೂಟ್ರೋಫಿಲ್ ಹೆಚ್ಚಾಗಿ ಸಕ್ಕರೆಯನ್ನೇ ನೆಚ್ಚುತ್ತದೆ. ಬಲಿಯುವ ಹಂತದಲ್ಲಿ ಮಾತ್ರ ಅದಕ್ಕೆ ಕೊಬ್ಬು ಬೇಕು; ತನ್ನೊಳಗಿನ ಕೊಬ್ಬಿನ ಹನಿಗಳನ್ನೇ ಕರಗಿಸಿ ಉರಿಸುತ್ತದೆ. 2017ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಈ ಕರಗಿಸುವ ಕೆಲಸ ನಿಲ್ಲಿಸಿದಾಗ ಎಳೆಯ ಕಣಗಳು ಬಲಿಯದೆ ರಾಶಿಬಿದ್ದವು. ಹೊರಗಿನಿಂದ ಕೊಬ್ಬಿನಾಮ್ಲ ಕೊಟ್ಟರೆ ಮತ್ತೆ ಬಲಿತವು.

ಬಿಳಿ ರಕ್ತಕಣಗಳ ಇನ್ನೊಂದು ಬಗೆಯಾದ ಟಿ ಕಣಗಳ ಪಾಡು ಇನ್ನೂ ಕಠಿಣ. ಎದೆಯ ಥೈಮಸ್ ಗ್ರಂಥಿಯಲ್ಲಿ ನಡೆಯುವ ಪರೀಕ್ಷೆಯಲ್ಲಿ ನೂರರಲ್ಲಿ ಐದು ಪಾಸಾದರೆ ಹೆಚ್ಚು. ಪಾಸಾದವಕ್ಕೆ ರಕ್ತಕ್ಕೆ ಹೊರಡುವ ದಾರಿ ತೋರಿಸುವುದೂ ಸ್ಫಿಂಗೋಸಿನ್-1-ಫಾಸ್ಫೇಟ್ ಎಂಬ ಲಿಪಿಡ್ಡೇ.

ತೆಂಗಿನ ಸೀಮೆಯವರಿಗೆ ಇಲ್ಲಿ ಒಂದು ಆಸೆ ಮೂಡಬಹುದು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಅದರ ಒಂದು ಅಣು ಪೂರ್ತಿ ಉರಿದರೆ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ 78, ಗ್ಲೂಕೋಸಿನ ಒಂದು ಅಣುವಿಗೆ ಸಿಗುವುದು 32ರವರೆಗೆ. ಹಾಗೆಂದು ದಿನಾ ಒಂದು ಚಮಚ ಎಣ್ಣೆ ಕುಡಿದರೆ ರೋಗನಿರೋಧಕ ಶಕ್ತಿ ಏರುತ್ತದೆ ಎನ್ನುವವರನ್ನು ನಂಬಬೇಡಿ. ಮಜ್ಜೆಗೆ ಬೇಕಿರುವ ಕೊಬ್ಬು ಮಾಮೂಲಿ ಊಟದಲ್ಲೇ ಇದೆ.